ಬಾಸೆಲ್ ಮಿಷನ್ ಮೇಷ್ಟ್ರುಗಳ ದಿನ ಹೇಗಿರುತ್ತಿತ್ತು?

ಓದುಗ_ಪುತ್ತೂರು: ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಪರವಾಗಿ ಜರ್ಮನಿಯಿಂದ ಮಂಗಳೂರಿಗೆ ಬಂದ ಪಾದ್ರಿಗಳು ಶಾಲೆಯನ್ನೂ ನಡೆಸಿದರು ಅಂತ ಎಲ್ಲರಿಗೂ ಗೊತ್ತು. ಆದರೆ ದಿನವಿಡೀ ಏನು ಮಾಡುತ್ತಿದ್ದರು? ಬರೀ ಪ್ರಚಾರನಾ?

ಬಲ್ಮಠದವ: ಆ ಪಾದ್ರಿಗಳಲ್ಲಿ ಒಬ್ಬರಾದ ಮೋಗ್ಲಿಂಗ್ ಅವರನ್ನೇ ನೋಡಿ. 1836ರಲ್ಲಿ ಬಂದರು, ಕನ್ನಡ ಕಲಿತರು, ಹುಡುಗರ ಜೊತೆಯಲ್ಲೇ ಇದ್ದು ಪಾಠ ಹೇಳಿದರು. ಪಾಠ, ಪ್ರಾರ್ಥನೆ, ಊರೂರು ಸುತ್ತಿ ಬೋಧನೆ, ಇದರ ಮಧ್ಯೆ ಕಲ್ಲಚ್ಚಿನಲ್ಲಿ (ಕಲ್ಲಿನ ಮೇಲೆ ಬರೆದು ಅಚ್ಚು ತೆಗೆಯುವ ವಿಧಾನ) 1843ರಲ್ಲಿ 'ಮಂಗಳೂರ ಸಮಾಚಾರ' ಕೂಡ ಶುರು ಮಾಡಿದರು, ಅದೇ ಕನ್ನಡದ ಮೊದಲ ಪತ್ರಿಕೆ. ಸುಮ್ನೆ ಕೂತವರಲ್ಲ.

ಶಾಂತಲಾ_ಉಡುಪಿ: ಆದರೂ ಉದ್ದೇಶ ಮತಾಂತರವೇ ಅಲ್ವಾ? 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ಯುವಕ ಕ್ರೈಸ್ತನಾದಾಗ ಊರಲ್ಲಿ ದೊಡ್ಡ ಗಲಾಟೆಯೇ ಆಯಿತು. ಮಕ್ಕಳನ್ನು ಆ ಶಾಲೆಗೆ ಕಳಿಸಿದವರ ಭಯ ಸುಳ್ಳೇನಲ್ಲ.

ಬಲ್ಮಠದವ: ಉದ್ದೇಶ ಅದೇ, ಅವರೂ ಮುಚ್ಚಿಡಲಿಲ್ಲ. ಆದರೆ ಕ್ರೈಸ್ತರಾದವರಿಗೆ ಜಾತಿಯ ಜೊತೆ ಹೊಟ್ಟೆಪಾಡೂ ಹೋಗುತ್ತಿತ್ತು, ಹಾಗಾಗಿ ಮಿಷನ್ ಅವರಿಗೆ ಕೆಲಸ ಕೊಡಲು ನೇಯ್ಗೆ ಶುರು ಮಾಡಿತು, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ನನಗೆ ಪಾಠಕ್ಕಿಂತ ಈ ಭಾಗವೇ ಜಾಸ್ತಿ ಕುತೂಹಲ.

ಧಾರವಾಡ_ಮಂದಿ: ಇದೇ ಮಿಷನ್ನಿನ ಕಿಟ್ಟೆಲ್ ಅವರನ್ನ ಬಿಟ್ಟೇಬಿಟ್ಟಿರಲ್ರೀ! 1853ರಲ್ಲಿ ಬಂದವರು, ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾಗಿದ್ದು 1894ರಲ್ಲಿ.