ಅಪ್‌ಡೇಟ್ ಆದ ಮೇಲೆ ಟೈಟಲ್‌ನಲ್ಲಿ ಒತ್ತಕ್ಷರ ಒಡೆಯುತ್ತಿದೆ, ಸಪೋರ್ಟ್‌ನವರಿಗೆ ಹೇಗೆ ತೋರಿಸೋದು?

ಸಾಗರ_ಸ್ಟುಡಿಯೋ:

ಎಲ್ಲರಿಗೂ ನಮಸ್ಕಾರ. ಸಾಗರದಲ್ಲಿ ಮದುವೆ ವಿಡಿಯೋ ಎಡಿಟಿಂಗ್ ಮಾಡುತ್ತೇನೆ. ಸಾಫ್ಟ್‌ವೇರ್ ಯಾವುದು ಅಂತ ಹೇಳುವುದಿಲ್ಲ, ಸುಮ್ನೆ ಜಗಳ ಶುರುವಾಗುತ್ತದೆ. ಕ್ರ್ಯಾಕ್ ಅಲ್ಲ, ತಿಂಗಳ ಬಾಡಿಗೆ ಕಾರ್ಡ್‌ನಿಂದ ತಪ್ಪದೆ ಕಟ್ ಆಗುತ್ತಿದೆ.

ಹೋದ ವಾರ ಅದು ತಾನೇ ಅಪ್‌ಡೇಟ್ ಆಯಿತು. ಅವತ್ತಿನಿಂದ ಕನ್ನಡ ಟೈಟಲ್‌ಗಳು ಹಾಳು. ಒತ್ತಕ್ಷರ ಕೆಳಗೆ ಕೂರುತ್ತಿಲ್ಲ, ಪಕ್ಕಕ್ಕೆ ಬಂದು ನಿಲ್ಲುತ್ತದೆ. ‘ಸಪ್ತಪದಿ’ ಟೈಪ್ ಮಾಡಿದರೆ ‘ಸಪ್‌ತಪದಿ’. ‘ಆರತಕ್ಷತೆ’ ಹೋಗಿ ‘ಆರತಕ್‌ಷತೆ’. ‘ಮುಹೂರ್ತ’ದ ಅರ್ಕಾವತ್ತು ಮಾಯವಾಗಿ ‘ಮುಹೂರ್‌ತ’. ಮದುವೆಯಲ್ಲಿ ಒತ್ತಿಲ್ಲದ ಟೈಟಲ್ ಹುಡುಕಿದರೂ ಸಿಗುವುದು ಕಷ್ಟ. ‘ಧಾರೆ’ ಒಂದು ಬಚಾವಾಗಿದೆ.

ಇದು ಗೊತ್ತಾದಾಗ ಹುಡುಗಿಯ ಚಿಕ್ಕಪ್ಪ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತು ಕರೆಕ್ಷನ್ ಹೇಳುತ್ತಿದ್ದರು. ಸ್ಕ್ರೀನ್ ಮೇಲೆ ‘ಲಕ್‌ಷ್‌ಮೀ’ ಬಂತು. ‘ಏನ್ರೀ ಇದು, ನಮ್ಮ ಹುಡುಗಿ ಹೆಸರನ್ನೇ ಮುರಿದು ಹಾಕಿದ್ದೀರಲ್ಲ?’ ಅಂದರು. ಏನಂತ ಹೇಳಲಿ? ಬೆಳಿಗ್ಗೆವರೆಗೂ ಸರಿ ಇತ್ತು ಸಾರ್ ಅಂದರೆ ನಂಬುತ್ತಾರಾ?

ಸಪೋರ್ಟ್ ಕಥೆ ಇನ್ನೂ ಚೆನ್ನಾಗಿದೆ. ಮೊದಲು ಚಾಟ್‌ನಲ್ಲಿ ಬಾಟ್ ಬಂತು. ಕ್ಯಾಶ್ ಕ್ಲಿಯರ್ ಮಾಡಿ, ಪ್ರಿಫರೆನ್ಸ್ ರೀಸೆಟ್ ಮಾಡಿ, ಗ್ರಾಫಿಕ್ಸ್ ಡ್ರೈವರ್ ಹೊಸದು ಹಾಕಿ, ಎಲ್ಲ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿ ಅಂತು. ಎಲ್ಲ ಮಾಡಿದೆ. ರೀಸೆಟ್‌ನಲ್ಲಿ ವರ್ಷಗಟ್ಟಲೆ ಜೋಡಿಸಿಕೊಂಡಿದ್ದ ಕೀಬೋರ್ಡ್ ಶಾರ್ಟ್‌ಕಟ್‌ಗಳೂ ಹೋದವು. ಆಮೇಲೆ ಒಬ್ಬ ಮನುಷ್ಯರು ಸಿಕ್ಕಿದರು. ಇದು ಅರೇಬಿಕ್ಕಾ ಅಂತ ಕೇಳಿದರು. ಕನ್ನಡ ಅಂದೆ. ಹಳೇ ಪ್ರಾಜೆಕ್ಟ್‌ನದೊಂದು ಈಗಿನದೊಂದು ಸ್ಕ್ರೀನ್‌ಶಾಟ್ ಕಳಿಸಿದೆ. ಮಾರನೇ ದಿನ ಉತ್ತರ: ‘ಎರಡೂ ಚಿತ್ರಗಳಲ್ಲಿ ಅಕ್ಷರಗಳು ಸರಿಯಾಗಿ ಕಾಣುತ್ತಿವೆ. ನಿಮ್ಮ ತೊಂದರೆ ಬಗೆಹರಿದಿದ್ದು ಸಂತೋಷ.’ ಕೆಳಗೆ ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ ಅಂತ. ಟಿಕೆಟ್ (ನನ್ನ ದೂರು) ಕ್ಲೋಸ್.

ಹಳೇ ವರ್ಷನ್‌ಗೆ ವಾಪಸ್ ಹೋಗೋಣ ಅಂದರೆ ಹೊಸದರಲ್ಲಿ ಸೇವ್ ಆದ ಪ್ರಾಜೆಕ್ಟ್ ಅದರಲ್ಲಿ ತೆರೆಯುವುದಿಲ್ಲ. ಡೆಲಿವರಿ ಈ ಭಾನುವಾರ. ಕನ್ನಡ ಓದಲು ಬಾರದವರಿಗೆ ಇದನ್ನು ಹೇಗೆ ಅರ್ಥ ಮಾಡಿಸುವುದು? ಅಲ್ಲಿಯವರೆಗೆ ಏನು ಮಾಡುವುದು?

ಜಮಖಂಡಿ_ಕಟ್:

ಅಣ್ಣಾ, ನುಡಿ ಫಾಂಟ್ ಹಾಕಿ. ನಾವು ಇನ್ನೂ ಆಸ್ಕಿಯಲ್ಲೇ ಇದ್ದೇವೆ. ಎಷ್ಟು ಅಪ್‌ಡೇಟ್ ಬಂದರೂ ಒತ್ತು ಜಾಗ ಬಿಟ್ಟು ಕದಲಿಲ್ಲ. ಅದರಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ. ತ ಒತ್ತೂ ಒಂದು ತುಂಡು, ಅಷ್ಟೇ. ಸಾಫ್ಟ್‌ವೇರ್ ತಲೆ ಓಡಿಸುವ ಕೆಲಸವೇ ಇಲ್ಲ. ಪಾರ್ಟಿಯವರು ವಾಟ್ಸಾಪ್‌ನಲ್ಲಿ ಕಳಿಸಿದ ಹೆಸರುಗಳು ಎಲ್ಲ ಭಾಷೆಗೂ ಹೊಂದುವ ಕೋಡ್ ಪದ್ಧತಿಯಾದ ಯೂನಿಕೋಡ್‌ನಲ್ಲಿ ಇರುತ್ತವೆ, ಅವನ್ನು ಕನ್ವರ್ಟರ್‌ಗೆ ಹಾಕಿ ಪೇಸ್ಟ್ ಮಾಡಿ.

ಸಾಗರ_ಸ್ಟುಡಿಯೋ:

ಗೊತ್ತು ಅಣ್ಣ, ಮೊದಲು ನಾನೂ ಅದನ್ನೇ ಬಳಸುತ್ತಿದ್ದೆ. ಆದರೆ ಟೈಟಲ್ ಮಾಡಿಕೊಡುವ ಹುಡುಗ ಬೇರೆ ಊರಿನಲ್ಲಿದ್ದಾನೆ. ಅವನ ಸಿಸ್ಟಮ್‌ನಲ್ಲಿ ಆ ಫಾಂಟ್ ಇಲ್ಲದಿದ್ದರೆ ಅಲ್ಲಿ ಬರೀ ಇಂಗ್ಲಿಷ್ ಕಲಸುಮೇಲೋಗರ ಕಾಣುತ್ತದೆ. ಯೂನಿಕೋಡ್‌ಗೆ ಬಂದ ಮೇಲೆ ವಾಪಸ್ ಹೋಗಲು ಮನಸ್ಸಿಲ್ಲ.

ಟಿಕೆಟ್_ಅಕ್ಕ:

ನಾನು ಬೆಂಗಳೂರಿನಲ್ಲಿ ಬೇರೊಂದು ಸಾಫ್ಟ್‌ವೇರ್‌ನ ಸಪೋರ್ಟ್‌ನಲ್ಲಿ ಕೆಲಸ ಮಾಡಿದವಳು. ಆ ಕಡೆ ಕೂತವರಿಗೆ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ.

ನಿಮಗೆ ಉತ್ತರ ಬರೆದವರು ಸೋಮಾರಿಗಳು ಅಂತ ನನಗೆ ಅನಿಸುವುದಿಲ್ಲ. ಅವರ ಕಣ್ಣಿಗೆ ‘ಸಪ್ತಪದಿ’ಯೂ ‘ಸಪ್‌ತಪದಿ’ಯೂ ಒಂದೇ. ನನಗೆ ಯಾರಾದರೂ ಬರ್ಮೀಸ್ ಲಿಪಿಯ ಎರಡು ಫೋಟೋ ಕಳಿಸಿ ಎರಡನೆಯದು ತಪ್ಪು ಅಂದಿದ್ದರೆ ನಾನೂ ಕಕ್ಕಾಬಿಕ್ಕಿ ಆಗುತ್ತಿದ್ದೆ. ಹಾಗಾಗಿ ಓದಿ ತಿಳಿಯಬೇಕಾದ್ದನ್ನು ಕಳಿಸಬೇಡಿ. ನೋಡಿದರೆ ತಿಳಿಯಬೇಕು, ಹಾಗೆ ಕಳಿಸಿ.

ಒಂದೇ ಒಂದು ಪದ ತಗೊಳ್ಳಿ, ‘ಸಪ್ತಪದಿ’ ಸಾಕು. ಫಾಂಟ್ ನೋಟೋ ಸಾನ್ಸ್ ಕನ್ನಡ ಇರಲಿ. ಅದು ಉಚಿತ, ಅವರೂ ಇಳಿಸಿಕೊಂಡು ನೋಡಬಹುದು. ನೀವು ದುಡ್ಡು ಕೊಟ್ಟು ತಂದ ಫಾಂಟ್‌ನಲ್ಲಿ ತೋರಿಸಿದರೆ ‘ಫಾಂಟ್ ಕಂಪನಿಯವರನ್ನು ಕೇಳಿ’ ಅಂತ ಕೈ ತೊಳೆದುಕೊಳ್ಳುತ್ತಾರೆ. ಅದೇ ಫಾಂಟ್‌ನಲ್ಲಿ, ಅದೇ ಅಳತೆಯಲ್ಲಿ ಲಿಬ್ರೆಆಫೀಸ್‌ನಲ್ಲಿ ಟೈಪ್ ಮಾಡಿ ಸ್ಕ್ರೀನ್‌ಶಾಟ್ ತೆಗೆಯಿರಿ. ಆಮೇಲೆ ನಿಮ್ಮ ಎಡಿಟರ್‌ನದು. ಎರಡನ್ನೂ ಒಂದರ ಕೆಳಗೊಂದು ಇಟ್ಟು ತ ಇರುವ ಕಡೆ ಕೆಂಪು ಸುತ್ತು ಹಾಕಿ. ಕೆಳಗೆ ಹೀಗೆ ಬರೆಯಿರಿ: ‘ಮೇಲಿನ ಚಿತ್ರದಲ್ಲಿ ನಾಲ್ಕು ಆಕಾರಗಳಿವೆ, ಎರಡನೆಯದರ ಕೆಳಗೆ ಒಂದು ಚಿಕ್ಕ ಆಕಾರ ತೂಗಿದೆ. ಕೆಳಗಿನ ಚಿತ್ರದಲ್ಲಿ ಐದು ಆಕಾರಗಳಿವೆ, ಕೆಳಗೆ ಏನೂ ತೂಗಿಲ್ಲ.’ ಕನ್ನಡ ಬಾರದಿದ್ದರೂ ನಾಲ್ಕು ಐದು ಎಣಿಸೋಕೆ ಬರುತ್ತದೆ ಅಲ್ವಾ?

ಇನ್ನೊಂದು. ಟಿಕೆಟ್‌ನ ಸಬ್ಜೆಕ್ಟ್‌ನಲ್ಲಿ ‘ಫಾಂಟ್ ಪ್ರಾಬ್ಲಮ್’ ಅಂತ ಬರೆಯಬೇಡಿ, ಫಾಂಟ್ ಮತ್ತೆ ಇನ್‌ಸ್ಟಾಲ್ ಮಾಡಿ ಅಂತ ಬರುತ್ತದೆ. ‘ಕನ್ನಡ ಸಪೋರ್ಟ್ ಕೊಡಿ’ ಅಂತಲೂ ಬೇಡ, ಅದು ಬೇಡಿಕೆ ಪಟ್ಟಿಗೆ ಹೋಗಿ ಅಲ್ಲೇ ಮಲಗುತ್ತದೆ. ‘ಟೆಕ್ಸ್ಟ್ ಶೇಪಿಂಗ್ ರಿಗ್ರೆಷನ್’ ಅಂತ ಬರೆಯಿರಿ. ಯೂನಿಕೋಡ್‌ನಲ್ಲಿ ‘ಪ್ತ’ ಒಂದು ಅಕ್ಷರ ಅಲ್ಲ. ಪ, ಅರ್ಧಾಕ್ಷರ ಮಾಡುವ ವಿರಾಮ (ಹಲಂತ) ಚಿಹ್ನೆ, ತ ಅಂತ ಮೂರು ಕೋಡ್ ಸಾಲಾಗಿ ಇರುತ್ತವೆ. ಅವನ್ನು ಹೇಗೆ ಜೋಡಿಸಬೇಕು ಅನ್ನುವ ನಿಯಮ ಫಾಂಟ್ ಒಳಗಿದೆ. ಸಾಫ್ಟ್‌ವೇರ್ ಅದನ್ನು ಕೇಳಿ ಪಾಲಿಸಬೇಕು. ಈ ಕೆಲಸವೇ ಶೇಪಿಂಗ್. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಎಲ್ಲವೂ ಇದಕ್ಕೆ ಹಾರ್ಫ್‌ಬಜ್ ಅನ್ನುವ ಮುಕ್ತ ತಂತ್ರಾಂಶ ಬಳಸುತ್ತವೆ. ಮೊದಲು ಸರಿ ಇದ್ದದ್ದು ಅಪ್‌ಡೇಟ್‌ನಿಂದ ಕೆಟ್ಟರೆ ರಿಗ್ರೆಷನ್. ಆ ಪದಕ್ಕೆ ನಮ್ಮಲ್ಲಿ ತೂಕ ಜಾಸ್ತಿ ಇತ್ತು, ಡೆವಲಪರ್‌ಗಳ ಹತ್ತಿರ ಬೇಗ ಹೋಗುತ್ತಿತ್ತು.

ಮದುವೆ ಪ್ರಾಜೆಕ್ಟ್ ಕಳಿಸಬೇಡಿ. ಅಷ್ಟು ದೊಡ್ಡದನ್ನು ಯಾರೂ ತೆರೆಯುವುದಿಲ್ಲ, ಮತ್ತೆ ಅದರಲ್ಲಿ ಇರೋದು ಪಾರ್ಟಿಯವರ ಮುಖಗಳು. ಹೊಸ ಪ್ರಾಜೆಕ್ಟ್, ಒಂದು ಕಪ್ಪು ಕ್ಲಿಪ್, ಅದರ ಮೇಲೆ ಒಂದು ಟೈಟಲ್. ಅಷ್ಟೇ ಜಿಪ್ ಮಾಡಿ. ವರ್ಷನ್ ನಂಬರ್ ಬಿಲ್ಡ್ ಸಮೇತ ಪೂರ್ತಿ ಬರೆಯಿರಿ, ಹಳೆಯದರದ್ದೂ ಹೊಸದರದ್ದೂ. ಹೊಸ ಪ್ರಾಜೆಕ್ಟ್‌ನಲ್ಲಿ ಒತ್ತು ಸರಿಯಾಗಿ ಬಂದುಬಿಟ್ಟರೆ ಖುಷಿಪಡಿ. ತಪ್ಪು ನಿಮ್ಮ ಹಳೇ ಟೆಂಪ್ಲೇಟ್‌ನ ಯಾವುದೋ ಸೆಟ್ಟಿಂಗ್‌ಗೆ ಅಂಟಿಕೊಂಡಿದೆ ಅಂತ ಅರ್ಥ. ಒಂದೊಂದೇ ಬದಲಾಯಿಸಿ ನೋಡಿ.

ಹೊಸ ಟಿಕೆಟ್ ತೆಗೆಯುವ ಬದಲು ಕ್ಲೋಸ್ ಆದ ಮೇಲ್‌ಗೇ ರಿಪ್ಲೈ ಮಾಡಿ. ಎಷ್ಟೋ ಕಡೆ ಅದು ತಾನೇ ಮತ್ತೆ ತೆರೆದುಕೊಳ್ಳುತ್ತದೆ, ಹಿಂದಿನ ಮಾತೆಲ್ಲ ಜೊತೆಗೇ ಇರುತ್ತದೆ. ಸಿಟ್ಟಿದ್ದರೆ ಕೊನೆಯ ಪ್ಯಾರಾದಲ್ಲಿ ಬರೆಯಿರಿ. ಅದನ್ನೂ ಓದುತ್ತೇವೆ.

ಹಳೇ ವರ್ಷನ್ ಬಗ್ಗೆ: ಆಟೋಸೇವ್ ಫೋಲ್ಡರ್ ನೋಡಿದ್ದೀರಾ? ಅಪ್‌ಡೇಟ್‌ಗೆ ಮುಂಚಿನ ಪ್ರತಿಗಳು ಅಲ್ಲಿದ್ದರೆ ಅವು ಹಳೆಯದರಲ್ಲೇ ಸೇವ್ ಆದವು, ತೆರೆಯಬೇಕು.

ಇಂಕ್_ಮಂಡ್ಯ:

ಭಾನುವಾರದ ಡೆಲಿವರಿಗೆ ಸಪೋರ್ಟ್ ನಂಬಿ ಕೂರಬೇಡಿ ಸಾರ್. ಟೈಟಲ್‌ಗಳನ್ನು ಇಂಕ್‌ಸ್ಕೇಪ್‌ನಲ್ಲಿ ಮಾಡಿ. ಉಚಿತ, ಅದರಲ್ಲಿ ಒತ್ತು ಸರಿಯಾಗಿ ಕೂರುತ್ತದೆ. ಪೇಜ್ 3840×2160 ಇಟ್ಟು ಹಿನ್ನೆಲೆ ಖಾಲಿ ಬಿಟ್ಟು ಪಿಎನ್‌ಜಿ ಎಕ್ಸ್‌ಪೋರ್ಟ್ ಮಾಡಿದರೆ ಟೈಮ್‌ಲೈನ್‌ನಲ್ಲಿ ವಿಡಿಯೋ ಮೇಲೆ ನೇರ ಕೂರುತ್ತದೆ. ಗೂಗಲ್ ಫಾಂಟ್ಸ್‌ನಲ್ಲಿ ಬಲೂ ತಮ್ಮ 2 ಇದೆ, ದಪ್ಪ ಅಕ್ಷರ, ಮದುವೆಗೆ ಒಪ್ಪುತ್ತದೆ. ಹುಬ್ಬಳ್ಳಿ ಅಂತಲೂ ಒಂದಿದೆ.

ಅರಿಶಿನ ಶಾಸ್ತ್ರ, ಕಾಶಿಯಾತ್ರೆ, ಸಪ್ತಪದಿ, ಆರತಕ್ಷತೆ ಇವೆಲ್ಲ ಎಲ್ಲ ಮದುವೆಗೂ ಅವೇ. ಒಂದು ಸಲ ಮಾಡಿಟ್ಟರೆ ಮುಗಿಯಿತು. ಪ್ರತಿ ಸಲ ಬದಲಾಗೋದು ಚಿ. ರಾ., ಚಿ. ಕುಂ. ಸೌ. ಆದಮೇಲಿನ ಹೆಸರು ಮಾತ್ರ.

ಸಾಗರ_ಸ್ಟುಡಿಯೋ:

ಟಿಕೆಟ್ ಅಕ್ಕ, ತುಂಬ ಥ್ಯಾಂಕ್ಸ್. ನೀವು ಹೇಳಿದ ಹಾಗೆ ಹೊಸ ಪ್ರಾಜೆಕ್ಟ್‌ನಲ್ಲಿ ‘ಸಪ್ತಪದಿ’ ಟೈಪ್ ಮಾಡಿದೆ. ಸರಿಯಾಗಿ ಬಂತು! ಹಾಗಾದರೆ ಟೆಂಪ್ಲೇಟ್‌ದೇ ಕಿತಾಪತಿ ಅಂತ ಬಣ್ಣ, ನೆರಳು, ಔಟ್‌ಲೈನ್ ಒಂದೊಂದೇ ತೆಗೆಯುತ್ತಾ ಬಂದೆ. ಏನೂ ಆಗಲಿಲ್ಲ. ಕೊನೆಗೆ ಅಕ್ಷರಗಳ ನಡುವಿನ ಅಂತರ, ಟ್ರ್ಯಾಕಿಂಗ್, ಅದನ್ನು ಸೊನ್ನೆ ಮಾಡಿದ ತಕ್ಷಣ ತ ಒತ್ತು ಪಟಕ್ಕನೆ ಕೆಳಗೆ ಹೋಗಿ ಕೂತಿತು. ಮತ್ತೆ 1 ಕೊಟ್ಟರೆ ಪಕ್ಕಕ್ಕೆ ಹಾರುತ್ತದೆ. ಹಳೇ ವರ್ಷನ್‌ನಲ್ಲಿ 40 ಕೊಟ್ಟರೂ ಏನೂ ಆಗುತ್ತಿರಲಿಲ್ಲ.

ಇಷ್ಟನ್ನೂ ಕೆಂಪು ಸುತ್ತು, ನಾಲ್ಕು ಆಕಾರ ಐದು ಆಕಾರ ಸಮೇತ ಬರೆದು ಕಳಿಸಿದೆ. ಈ ಸಲ ಬೇರೆ ಯಾರೋ ಉತ್ತರ ಕೊಟ್ಟರು. ಅವರ ಕಡೆಯೂ ಹಾಗೇ ಆಯಿತಂತೆ, ಡೆವಲಪರ್‌ಗಳಿಗೆ ಕಳಿಸಿ ಬಗ್ ನಂಬರ್ ಕೊಟ್ಟಿದ್ದಾರೆ. ಯಾವಾಗ ಸರಿಯಾಗುತ್ತದೆ ಅಂತ ಕೇಳಿದ್ದಕ್ಕೆ ತಾರೀಖು ಹೇಳಲು ಆಗುವುದಿಲ್ಲ ಅಂದರು. ಶಾರ್ಟ್‌ಕಟ್‌ಗಳು ಹೋದದ್ದಕ್ಕೆ ಮಾತ್ರ ಯಾರೂ ಒಂದು ಸಾರಿ ಅನ್ನಲಿಲ್ಲ.

ಮಂಡ್ಯ ಸಾರ್, ಹೆಸರುಗಳನ್ನು ನಿಮ್ಮ ಪಿಎನ್‌ಜಿ ದಾರಿಯಲ್ಲೇ ಮಾಡುತ್ತಿದ್ದೇನೆ. ಒಂದೇ ಕೊರತೆ. ಟೈಪ್‌ರೈಟರ್ ಎಫೆಕ್ಟ್ ಬೇಕು ಅಂತ ಪಾರ್ಟಿಯವರ ಹಠ. ಟೈಟಲ್ ಟೂಲ್‌ನಲ್ಲಿ ಟ್ರ್ಯಾಕಿಂಗ್ ಸೊನ್ನೆ ಇದ್ದರೂ ಆ ಎಫೆಕ್ಟ್ ಹಾಕಿದರೆ ಅಕ್ಷರ ಕುಣಿಯುತ್ತದೆ. ಇದೂ ಅದೇ ಬಗ್ಗಾ?

ಟಿಕೆಟ್_ಅಕ್ಕ:

ಟ್ರ್ಯಾಕಿಂಗ್ ಹಿಡಿದಿರಲ್ಲ, ಭೇಷ್. ಟೈಪ್‌ರೈಟರ್‌ದು ಬೇರೆ ಕಥೆ, ಅದನ್ನು ಇದೇ ಟಿಕೆಟ್‌ಗೆ ಸೇರಿಸಬೇಡಿ, ಎರಡೂ ಕಲಸಿಹೋಗುತ್ತವೆ. ಆ ಎಫೆಕ್ಟ್ ಅಕ್ಷರ ಎಣಿಸುವ ಬದಲು ಕೋಡ್ ಎಣಿಸುತ್ತಿದೆ. ‘ಶಾಸ್ತ್ರ’ ನಮಗೆ ಎರಡು ಅಕ್ಷರ, ಅದಕ್ಕೆ ಏಳು. ಮೊದಲು ಶ, ಆಮೇಲೆ ಶಾ, ಶಾಸ, ಶಾಸ್ ಅಂತ ಬೆಳೆಯುತ್ತಾ ಹೋಗುತ್ತದೆ, ಅದಕ್ಕೇ ಕುಣಿದ ಹಾಗೆ ಕಾಣೋದು.

ಇಂಕ್_ಮಂಡ್ಯ:

ಪಿಎನ್‌ಜಿ ಮೇಲೆ ಕ್ರಾಪ್ ಹಾಕಿ ಸಾರ್. ಬಲ ಅಂಚನ್ನು 100ರಿಂದ ಸೊನ್ನೆಗೆ ಕೀಫ್ರೇಮ್ ಮಾಡಿದರೆ (ಶುರುವಿನ ಅಳತೆ ಒಂದು ಕಡೆ, ಕೊನೆಯದು ಇನ್ನೊಂದು ಕಡೆ ಗುರುತಿಸಿದರೆ) ಎಡದಿಂದ ಬರೆದುಕೊಂಡು ಹೋದ ಹಾಗೆ ಕಾಣುತ್ತದೆ. ಅಂಚಿಗೆ ಸ್ವಲ್ಪ ಫೆದರ್ ಕೊಟ್ಟು ಮೃದು ಮಾಡಿ. ಒಂದೊಂದೇ ಅಕ್ಷರ ಟಕ್ ಟಕ್ ಅಂತಲೇ ಬರಬೇಕು ಅಂದರೆ ಕೀಫ್ರೇಮ್‌ಗಳನ್ನು ಹೋಲ್ಡ್‌ಗೆ (ನಡುವೆ ಜಾರದೆ ಒಮ್ಮೆಗೇ ಬದಲಾಗುವ ಹಾಗೆ) ಹಾಕಿ, ಪ್ರತಿ ಅಕ್ಷರ ಮುಗಿಯುವ ಕಡೆ ಒಂದೊಂದು ಇಡಿ. ಅರ್ಕಾವತ್ತು ಇರುವ ಕಡೆ ಅದು ಪೂರ್ತಿ ಬಂದ ಮೇಲೆ ನಿಲ್ಲಿಸಿ, ಇಲ್ಲದಿದ್ದರೆ ಅರ್ಧಕ್ಕೆ ಕತ್ತರಿಸುತ್ತದೆ.