ಅಣ್ಣನ ಮಗಳಿಗೆ ವಾಟ್ಸನ್ ಫೆಲೋಶಿಪ್ ಸಿಕ್ಕಿದೆ. ಒಂದು ವರ್ಷ ಕವಿತೆ ಅಂತ ದೇಶ ಸುತ್ತೋಕೆ ಕಳಿಸಬಹುದಾ?

ಹುಬ್ಬಳ್ಳಿ_ಕಾಕಾ:
ಎಲ್ಲರಿಗೂ ನಮಸ್ಕಾರ. ನಮ್ಮಣ್ಣನ ಮಗಳು ಅಮೆರಿಕದ ಒಂದು ಸಣ್ಣ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಓದ್ತಾ ಇದ್ದಾಳೆ, ಜೊತೆಗೆ ಕ್ರಿಯೇಟಿವ್ ರೈಟಿಂಗ್. ಕವಿತೆ ಚೆನ್ನಾಗಿ ಬರೆಯುತ್ತಾಳೆ. ಮೇ ತಿಂಗಳಿಗೆ ಡಿಗ್ರಿ ಮುಗಿಯುತ್ತೆ. ಈಗ ವಾಟ್ಸನ್ ಫೆಲೋಶಿಪ್ ಸಿಕ್ಕಿದೆ ಅಂತ ಫೋನ್ ಮಾಡಿದಳು. 40 ಸಾವಿರ ಡಾಲರ್ ಅಂತೆ! ಮನೆಯಲ್ಲಿ ಎಲ್ಲರೂ ಪೇಡಾ ಹಂಚೋಕೆ ಹೊರಟಿದ್ದೆವು, ಅಷ್ಟರಲ್ಲಿ ಷರತ್ತು ಕೇಳಿ ಅತ್ತಿಗೆ ತಣ್ಣಗಾದರು. ಒಂದು ವರ್ಷ ಅಮೆರಿಕಕ್ಕೂ ಬರೋ ಹಾಗಿಲ್ಲ, ಭಾರತಕ್ಕೂ ಬರೋ ಹಾಗಿಲ್ಲ, ಕೆಲಸ ಮಾಡೋ ಹಾಗಿಲ್ಲ, ಯಾವ ಯೂನಿವರ್ಸಿಟಿಗೂ ಸೇರೋ ಹಾಗಿಲ್ಲ. ಸ್ಪೇನ್, ಸೈಪ್ರಸ್, ಕಝಾಕಿಸ್ತಾನ ಅಂತ ಒಬ್ಬಳೇ ತಿರುಗಿ, ಜನ ನಿಂತ ನಿಲುವಿನಲ್ಲೇ ಪದ್ಯ ಕಟ್ಟಿ ವಾದ ಮಾಡೋದನ್ನ ನೋಡ್ತಾಳಂತೆ. ಅಣ್ಣ ಕೇಳೋದು ಒಂದೇ ಮಾತು: ಕೊನೆಗೆ ಸರ್ಟಿಫಿಕೇಟ್ ಏನು ಕೊಡ್ತಾರೆ? ಇದು ನಿಜವಾದ ಫೆಲೋಶಿಪ್ಪಾ, ಕಳಿಸಬಹುದಾ, ಗೊತ್ತಿದ್ದವರು ಹೇಳಿ.

ಮಿನಿಯಾಪೊಲಿಸ್_ಮಾಲಾ:
ಮೊದಲು ಆ ಪೇಡಾ ಹಂಚಿ ಸರ್. ಇದು ಅಪ್ಪಟ ನಿಜ. ಐಬಿಎಂ ಕಟ್ಟಿದ ಥಾಮಸ್ ವಾಟ್ಸನ್ ಅವರ ಮಕ್ಕಳು 1968ರಲ್ಲಿ ಶುರು ಮಾಡಿದ್ದು. ಅಮೆರಿಕದ ಸುಮಾರು 40 ಕಾಲೇಜುಗಳ ಕೊನೆಯ ವರ್ಷದವರಿಗೆ ಮಾತ್ರ. ಮೊದಲು ಕಾಲೇಜೇ ಸೋಸಿ ಹೆಸರು ಕಳಿಸುತ್ತೆ, ಆಮೇಲೆ ಫೌಂಡೇಶನ್ನಿನವರು ಮಾತಾಡಿಸಿ ಆರಿಸುತ್ತಾರೆ. ಸರ್ಟಿಫಿಕೇಟಿನ ಆಸೆ ಬಿಡಿ. ಮೂರು ತಿಂಗಳಿಗೊಮ್ಮೆ ಏನು ನಡೀತಿದೆ ಅಂತ ಬರೆದು ಕಳಿಸಬೇಕು, ಖರ್ಚಿನ ಲೆಕ್ಕ ಇಡಬೇಕು, ಅಷ್ಟೇ. ದೊಡ್ಡ ಕವಿ ಎಡ್ವರ್ಡ್ ಹಿರ್ಷ್ ಗ್ರಿನೆಲ್ ಕಾಲೇಜು ಮುಗಿಸಿ ಇದೇ ದುಡ್ಡಿನಲ್ಲಿ ಯುರೋಪಿಗೆ ಹೋದವರು. ಹೆಸರಿನ ಮುಂದೆ ‘ವಾಟ್ಸನ್ ಫೆಲೋ’ ಅಂತ ಇದ್ದರೆ ಮುಂದೆ ಪಿಎಚ್‌ಡಿಗೋ ಎಂಎಫ್‌ಎಗೋ (ಬರವಣಿಗೆಯಂಥ ಕಲೆಗಳಲ್ಲಿ ಮಾಸ್ಟರ್ಸ್) ಅರ್ಜಿ ಹಾಕುವಾಗ ಯಾರೂ ವಿವರಣೆ ಕೇಳಲ್ಲ.

ಸೀದಾ_ಮಾತು:
ಎಲ್ಲರೂ ಬೆನ್ನು ತಟ್ಟುತ್ತಾರೆ, ನಾನು ಕಹಿ ಹೇಳ್ತೀನಿ. ಹುಡುಗಿ ಎಫ್-1, ಅಂದರೆ ಸ್ಟೂಡೆಂಟ್ ವೀಸಾದಲ್ಲಿ ಇದ್ದಾಳೆ ಅಲ್ವಾ? ಹಾಗಿದ್ದರೆ ನಿಜವಾದ ಖರ್ಚು ವಿಮಾನದ ಟಿಕೆಟ್ಟಲ್ಲ, ಒಪಿಟಿ, ಅಂದರೆ ಓದು ಮುಗಿದ ಮೇಲೆ ಅಮೆರಿಕದಲ್ಲೇ ಕೆಲಸ ಮಾಡೋಕೆ ಸಿಗೋ ಅನುಮತಿ. ಡಿಗ್ರಿ ಮುಗಿದು 60 ದಿನದೊಳಗೆ ಅರ್ಜಿ ಹಾಕಬೇಕು, ಅದೂ ಅಮೆರಿಕದಲ್ಲೇ ಇದ್ದು. ಕಂಪ್ಯೂಟರ್ ಸೈನ್ಸ್ ಅಂದರೆ 12 ತಿಂಗಳು, ಮೇಲೆ ಸ್ಟೆಮ್‌ನವರಿಗೆ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ ಓದಿದವರಿಗೆ) 24, ಒಟ್ಟು ಮೂರು ವರ್ಷ ಕೆಲಸ ಮಾಡೋ ಅವಕಾಶ. ಒಂದು ವರ್ಷ ಹೊರಗಿದ್ದು ಬಂದರೆ ಅದು ಹೋಯಿತು ಅಂತಲೇ ಲೆಕ್ಕ. ಸಾಲ ಮಾಡಿ ಓದಿಸಿದ್ದರೆ ಅಣ್ಣನವರ ಗಾಬರಿಗೆ ಕಾರಣ ಇದೆ, ಹಳೇ ಕಾಲದವರು ಅಂತ ನಗಬೇಡಿ. ಮುಂದೆ ಮಾಸ್ಟರ್ಸ್ ಮಾಡಿದರೆ ಆ ಹಂತಕ್ಕೆ ಬೇರೆ ಒಪಿಟಿ ಸಿಗುತ್ತೆ, ನಿಜ. ಆದರೆ ಅದಕ್ಕೆ ಮತ್ತೆ ದುಡ್ಡು.

ಡಪ್ಪು_ತುಂತುಣಿ:
ಮೇಲಿನವರು ಹೇಳಿದ್ದು ಸರಿ, ಆದರೆ ಹುಡುಗಿ ಏನು ನೋಡೋಕೆ ಹೊರಟಿದ್ದಾಳೆ ಅಂತಲೂ ಸ್ವಲ್ಪ ನೋಡಿ. ಸ್ಪೇನಿನ ಉತ್ತರಕ್ಕಿರೋ ಬಾಸ್ಕ್ ನಾಡಿನ ಬೆರ್ಟ್ಸೊಲಾರಿಗಳ, ಅಂದರೆ ಆಶುಕವಿಗಳ ವೀಡಿಯೊ ಹುಡುಕಿ ನೋಡಿ. ನಿರೂಪಕರು ವಿಷಯ ಕೊಡುತ್ತಾರೆ, ಛಂದಸ್ಸು, ಕೆಲವೊಮ್ಮೆ ಧಾಟಿಯನ್ನೂ ಕೊಡುತ್ತಾರೆ. ಕವಿ ಒಂದಿಷ್ಟು ಸೆಕೆಂಡು ನೆಲ ನೋಡ್ತಾ ನಿಂತು, ವಾದ್ಯ ಗೀದ್ಯ ಏನೂ ಇಲ್ಲದೆ ಬರೀ ಕಂಠದಲ್ಲಿ ಹಾಡಿಬಿಡುತ್ತಾರೆ. ಗುಟ್ಟು ಏನಪ್ಪಾ ಅಂದರೆ ಕೊನೆಯ ಸಾಲನ್ನ ಮೊದಲು ಕಟ್ಟಿ ಇಟ್ಟುಕೊಂಡು, ಅಲ್ಲಿಗೆ ಮುಟ್ಟೋ ಹಾಗೆ ಮೊದಲಿನಿಂದ ಹೆಣೆಯುತ್ತಾರೆ. ನಾಲ್ಕು ವರ್ಷಕ್ಕೊಮ್ಮೆ ದೊಡ್ಡ ಸ್ಪರ್ಧೆ, ಫೈನಲ್‌ಗೆ ಹತ್ತು ಸಾವಿರಕ್ಕೂ ಜಾಸ್ತಿ ಜನ ಸೇರುತ್ತಾರೆ. ಗೆದ್ದವರಿಗೆ ಒಂದು ಟೋಪಿ. 2009ರಲ್ಲಿ ಮೈಯಾಲೆನ್ ಲುಹಾಂಬಿಯೊ ಗೆದ್ದರು, ಆ ಟೋಪಿ ತೊಟ್ಟ ಮೊದಲ ಹೆಣ್ಣುಮಗಳು ಅವರೇ. 2017, 2022ರಲ್ಲೂ ಅವರದ್ದೇ. ಕಝಾಕ್, ಕಿರ್ಗಿಝ್ ಕಡೆಯ ಅಯ್ತಿಶ್‌ನಲ್ಲಿ ಇಬ್ಬರು ಕವಿಗಳು ದೊಂಬ್ರಾನೋ ಕೊಮೂಝೋ ಅನ್ನೋ ತಂತಿವಾದ್ಯ ಹಿಡಿದು ಎದುರುಬದುರು ಕೂತು ಜಗಳಾಡುತ್ತಾರೆ, ಪದ್ಯದಲ್ಲೇ. ಹುಬ್ಬಳ್ಳಿಯವರಿಗೆ ಇದನ್ನ ನಾನು ಬಿಡಿಸಿ ಹೇಳಬೇಕಾ? ನಮ್ಮ ಹರದೇಶಿ ನಾಗೇಶಿ ಸವಾಲ್ ಜವಾಬ್ ಇನ್ನೇನು ಮತ್ತೆ! ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಅಂತ ಡಪ್ಪು ಬಡಿದು ಬೆಳಗಿನ ತನಕ ಹಾಡುತ್ತಾರಲ್ಲ. ನನ್ನ ಹೊಟ್ಟೆಯುರಿ ಏನಂದರೆ, ಷರತ್ತಿನ ಪ್ರಕಾರ ಅವಳು ಅದೊಂದನ್ನ ನೋಡೋಕೆ ಮಾತ್ರ ಬರೋ ಹಾಗಿಲ್ಲ.

ಪಾಸ್‌ಪೋರ್ಟ್_ಪುರಾಣ:
ಭಾರತದ ಪಾಸ್‌ಪೋರ್ಟ್ ಆದರೆ ವೀಸಾ ಕೆಲಸ ಈಗಲೇ ಶುರು ಮಾಡಿ. ಸ್ಪೇನಿಗೆ ಬೇಕಾದ ಷೆಂಗೆನ್ ವೀಸಾಕ್ಕೆ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ನಾವು ವಾಸ ಇರೋ ದೇಶದಿಂದಲೇ ಅರ್ಜಿ ಹಾಕಬೇಕು. ಅಂದರೆ ಅಮೆರಿಕ ಬಿಡೋ ಮುಂಚೆ, ಸ್ಟೂಡೆಂಟ್ ವೀಸಾ ಜೀವ ಇರುವಾಗಲೇ. ಊರು ಬಿಟ್ಟ ಮೇಲೆ ಮಧ್ಯದಲ್ಲಿ ಯಾವುದೋ ದೇಶದಲ್ಲಿ ನಿಂತು ಕೇಳಿದರೆ ಸಾಮಾನ್ಯವಾಗಿ ಅರ್ಜಿನೇ ತಗೊಳ್ಳಲ್ಲ. ಸಿಕ್ಕರೂ 180 ದಿನಕ್ಕೆ 90 ದಿನ ಅಷ್ಟೇ, ಹಾಗಾಗಿ ಸ್ಪೇನ್ ಜೊತೆ ಇಟಲಿಯಂಥ ಇನ್ನೊಂದು ಷೆಂಗೆನ್ ದೇಶಕ್ಕೆ ಹೋದರೂ ಎಲ್ಲ ಸೇರಿಸಿ ಮೂರು ತಿಂಗಳು. ಕಝಾಕಿಸ್ತಾನಕ್ಕೆ ನಮಗೆ ವೀಸಾ ಬೇಡ, ಆದರೆ ಒಂದು ಸಲಕ್ಕೆ 14 ದಿನ ಮಾತ್ರ.

ಹುಬ್ಬಳ್ಳಿ_ಕಾಕಾ:
ಎಲ್ಲರಿಗೂ ಥ್ಯಾಂಕ್ಸ್. ಒಪಿಟಿ ವಿಷಯ ನಮಗೆ ಗೊತ್ತೇ ಇರಲಿಲ್ಲ, ಅವಳಿಗೆ ಗೊತ್ತಿತ್ತು. ಬೇಕಂತಲೇ ಬಿಡ್ತಿದ್ದೀನಿ ಅಂದಳು. ಸ್ವಲ್ಪ ಸಾಲ ಇದೆ, ಅದೇ ಚಿಂತೆ. ಹರದೇಶಿ ನಾಗೇಶಿ ಹೆಸರು ಕೇಳಿ ನಮ್ಮಪ್ಪ, ಅಂದರೆ ಅವಳ ಅಜ್ಜ, ಪಾರ್ಟಿ ಬದಲಾಯಿಸಿಬಿಟ್ಟರು, ಈಗ ಮನೆಯಲ್ಲಿ ಅಣ್ಣ ಅತ್ತಿಗೆ ಒಂದು ಕಡೆ, ಉಳಿದವರೆಲ್ಲ ಒಂದು ಕಡೆ.

ಸೀದಾ_ಮಾತು:
ತಿಳಿದೇ ಬಿಡ್ತಿದ್ದಾಳೆ ಅಂದರೆ ನನ್ನ ತಕರಾರು ಇಲ್ಲ. ಸಾಲಕ್ಕೆ ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷದ ತನಕ ಕಂತು ಕಟ್ಟೋದು ಬೇಡ, ಬಡ್ಡಿ ಮಾತ್ರ ಬೆಳೀತಾ ಇರುತ್ತೆ. ನಿಮ್ಮ ಬ್ಯಾಂಕಿನ ಮಂಜೂರಾತಿ ಪತ್ರದಲ್ಲಿ ಎಷ್ಟು ತಿಂಗಳು ಅಂತ ಬರೆದಿದೆ ನೋಡಿ, ಮ್ಯಾನೇಜರ್ ಬಾಯಿಮಾತು ನಂಬಬೇಡಿ.