ಕಾಳುಮೆಣಸು, ಮುರುಗಲು ದುಬೈಗೆ ಕಳಿಸಬೇಕು. ಐಇಸಿ ಆಯ್ತು, ಮುಂದೇನು?

ಮೆಣಸಿನಬಳ್ಳಿ, ಶಿರಸಿ:

ಎಲ್ಲರಿಗೂ ನಮಸ್ಕಾರ. ಶಿರಸಿಯಿಂದ ಸ್ವಲ್ಪ ಒಳಗೆ ನಮ್ಮ ಅಡಿಕೆ ತೋಟ. ಮರಕ್ಕೆಲ್ಲ ಮೆಣಸಿನ ಬಳ್ಳಿ ಹಬ್ಬಿಸಿದ್ದೇವೆ, ಮೇಲಿನ ಬೆಟ್ಟದಲ್ಲಿ ಏಳೆಂಟು ಮುರುಗಲು (ಕೋಕಂ) ಮರ ಇವೆ. ದುಬೈಯಲ್ಲಿರುವ ನಮ್ಮ ಭಾವ ಹೋದ ಸಲ ಊರಿಗೆ ಬಂದಾಗ ಎರಡು ಕೆಜಿ ಮೆಣಸು, ಸ್ವಲ್ಪ ಒಣ ಮುರುಗಲು ಸಿಪ್ಪೆ ಒಯ್ದಿದ್ದರು. ಅಲ್ಲಿ ಅವರ ಪರಿಚಯದ ಅಂಗಡಿಯವರು ನೋಡಿ, 300 ಕೆಜಿ ಮೆಣಸು, 100 ಕೆಜಿ ಮುರುಗಲು ಸಿಪ್ಪೆ ಬೇಕು ಅಂದಿದ್ದಾರೆ. ಅಕ್ಕಪಕ್ಕದ ಮನೆಯವರದ್ದೂ ಸೇರಿಸಿದರೆ ಅಷ್ಟು ಮಾಲು ಹೊಂದಿಸಬಹುದು.

ಐಇಸಿ, ಅಂದರೆ ಆಮದು-ರಫ್ತು ಮಾಡುವವರಿಗೆ ಬೇಕಾದ ನಂಬರು, ನಾನೇ ಮನೆಯಲ್ಲಿ ಕೂತು ಮಾಡಿದೆ. 500 ರೂಪಾಯಿ ಕಟ್ಟಿದೆ, ನಂಬರ್ ಬಂತು. ಪ್ಯಾನ್ ನಂಬರೇ ಐಇಸಿ ನಂಬರು, ಇಷ್ಟೇನಾ ಅನ್ನಿಸಿತ್ತು. ಆಮೇಲೆ ನೋಡಿದರೆ ಸಿಎ ಒಬ್ಬರು ಎಲ್‌ಯುಟಿ ಅಂತಾರೆ, ಬ್ಯಾಂಕಿನಲ್ಲಿ ಎಡಿ ಕೋಡ್ ಅಂದರೆ ಮುಖ ಮುಖ ನೋಡ್ತಾರೆ, ಇನ್ನೊಬ್ಬರು ಸ್ಪೈಸಸ್ ಬೋರ್ಡ್ ನೋಂದಣಿ ಇಲ್ಲದೆ ಮೆಣಸು ಮುಟ್ಟಲೇಬೇಡ ಅಂತಾರೆ. ತಲೆ ಕೆಟ್ಟು ಹೋಗಿದೆ.

ನನ್ನ ಪ್ರಶ್ನೆ ಇಷ್ಟು. ಕಾರವಾರ ಬಂದರು ಇಷ್ಟು ಹತ್ತಿರ ಇರುವಾಗ ಅಲ್ಲಿಂದಲೇ ಕಳಿಸಬಹುದಾ? ದುಡ್ಡು ನಮ್ಮ ಸೊಸೈಟಿ ಖಾತೆಗೆ ಬಂದರೆ ಆಗುತ್ತಾ? ಇಷ್ಟೆಲ್ಲ ಯಾಕೆ, ಸುಮ್ನೆ ಹತ್ತತ್ತು ಕೆಜಿ ಕೊರಿಯರ್‌ನಲ್ಲಿ ಗಿಫ್ಟ್ ಅಂತ ಹಾಕು ಅಂತ ಒಬ್ಬರು ಹೇಳಿದರು, ಅದು ನಡೆಯುತ್ತಾ?

ಬೈತಖೋಲ, ಕಾರವಾರ:

ಕಾರವಾರ ಮರೆತುಬಿಡಿ. ನಮ್ಮ ಬಂದರಿನಲ್ಲಿ ಡಾಂಬರು, ಕಾಕಂಬಿ ಇಂಥವು ಬರುತ್ತವೆ, ಹೋಗುತ್ತವೆ. ಎಲ್ಲ ಟ್ಯಾಂಕರ್, ಹಡಗು ತುಂಬ ಒಂದೇ ಸರಕು. ನಿಮ್ಮ ಹದಿನಾರು ಚೀಲ ಇಳಿಸಿಕೊಳ್ಳಲು ಇಲ್ಲಿ ಕಂಟೈನರ್ ವ್ಯವಸ್ಥೆ ಇಲ್ಲ. ಮನೆಯಿಂದ ಸಮುದ್ರ ಕಾಣುತ್ತೆ ಅಂತ ಹಡಗು ಹತ್ತಿಸೋಕಾಗುತ್ತಾ? ಮಂಗಳೂರಿನ ಪಣಂಬೂರು ಇಲ್ಲ ಮುಂಬೈ ಕಡೆಯ ನ್ಹಾವಾ ಶೇವಾ ಬಂದರು. 400 ಕೆಜಿಗೆ ಪೂರ್ತಿ ಕಂಟೈನರ್ ಬೇಡ, ಎಲ್‌ಸಿಎಲ್ ಅಂತ ಹತ್ತು ಜನರ ಮಾಲು ಒಂದರಲ್ಲೇ ಹೋಗುತ್ತದೆ. ಅರ್ಜೆಂಟ್ ಇದ್ದರೆ ವಿಮಾನದಲ್ಲೂ ಕಳಿಸಬಹುದು, ಬಾಡಿಗೆ ಕೇಳಿಕೊಂಡು ಲೆಕ್ಕ ಹಾಕಿ.

ನಾನು ಕೆಲವು ವರ್ಷ ಪಣಂಬೂರಿನ ಹತ್ತಿರ ಒಬ್ಬ ಕಸ್ಟಮ್ಸ್ ಬ್ರೋಕರ್ (ರಫ್ತುದಾರರ ಪರವಾಗಿ ಕಸ್ಟಮ್ಸ್ ಕೆಲಸ ಮಾಡಿಸಿಕೊಡುವವರು) ಆಫೀಸಿನಲ್ಲಿ ಫೈಲು ಹೊತ್ತವನು. ಎಲ್ಲರೂ ಇನ್ನೂ ಸಿಎಚ್‌ಎ ಅಂತಲೇ ಕರೆಯುವುದು. ಅಲ್ಲಿ ಕಲಿತದ್ದು ಏನೆಂದರೆ, ಕಾಗದಗಳು ಕಷ್ಟ ಅಲ್ಲ, ಯಾವುದು ಮೊದಲು ಅನ್ನುವುದು ತಪ್ಪಿದರೆ ಕಷ್ಟ.

ಮೊದಲು ಬ್ಯಾಂಕು. ಸೊಸೈಟಿ ಖಾತೆಯಿಂದ ಆಗುವುದಿಲ್ಲ, ವಿದೇಶಿ ವಿನಿಮಯ ಮಾಡುವ ಬ್ಯಾಂಕಿನಲ್ಲಿ ಚಾಲ್ತಿ ಖಾತೆ ಬೇಕು. ಎಡಿ ಕೋಡ್ ಅಂದರೆ ಆ ಬ್ಯಾಂಕ್ ಶಾಖೆಗೆ ಇರುವ 14 ಅಂಕಿಯ ಗುರುತು. ಅದನ್ನು ಲೆಟರ್‌ಹೆಡ್‌ನಲ್ಲಿ ಬರೆಸಿಕೊಂಡು ಕಸ್ಟಮ್ಸ್‌ನ ಐಸ್‌ಗೇಟ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಒಂದೊಂದು ಬಂದರಿಗೂ ಬೇರೆ ಬೇರೆ ನೋಂದಣಿ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಮಂಗಳೂರಿಗೆ ಮಾಡಿಸಿಕೊಂಡು, ಕೊನೆ ಗಳಿಗೆಯಲ್ಲಿ ಬೇರೆ ಬಂದರಿನಲ್ಲಿ ಜಾಗ ಸಿಕ್ಕಿತು ಅಂತ ಲಾರಿ ತಿರುಗಿಸಿದವರು ಅಲ್ಲಿ ಹೋಗಿ ಕೂತದ್ದನ್ನು ನೋಡಿದ್ದೇನೆ. ಸಣ್ಣ ಊರಿನ ಶಾಖೆಗಳಲ್ಲಿ ಈ ಪತ್ರ ಅಪರೂಪಕ್ಕೆ ಒಂದು, ಅದಕ್ಕೇ ಮುಖ ಮುಖ ನೋಡುವುದು. ದೊಡ್ಡ ಶಾಖೆಯ ಫಾರೆಕ್ಸ್ ವಿಭಾಗಕ್ಕೆ ಕಳಿಸಿಕೊಡಿ ಅಂತ ಬರೆದು ಕೊಡಿ, ಬಾಯಲ್ಲಿ ಹೇಳಬೇಡಿ.

ಸ್ಪೈಸಸ್ ಬೋರ್ಡ್ ವಿಷಯ ನಿಜ. 1986ರ ಕಾಯ್ದೆ ಪ್ರಕಾರ ಸಾಂಬಾರ ಪದಾರ್ಥ ರಫ್ತು ಮಾಡುವವರಿಗೆ ಅವರ ನೋಂದಣಿ, ಸಿಆರ್‌ಇಎಸ್ ಅನ್ನುತ್ತಾರೆ, ಕಡ್ಡಾಯ. ಮೆಣಸು ಒಂದಕ್ಕೇ ಅಂದುಕೊಳ್ಳಬೇಡಿ. ಬೋರ್ಡಿನ 52 ಪದಾರ್ಥಗಳ ಪಟ್ಟಿಯಲ್ಲಿ ಕೋಕಂ ಕೂಡ ಇದೆ, ಅಂದರೆ ನಿಮ್ಮ ಮುರುಗಲೂ ಬಂತು.

ಮುರುಗಲು ಅಂದ ಕೂಡಲೇ ಒಂದು ಹೇಳಲೇಬೇಕು. ಘಟ್ಟದ ಮೇಲೆ ಮುರುಗಲು, ನಮ್ಮಲ್ಲಿ ಬಿರಿಂಡಾ, ಒಣಗಿಸಿದರೆ ಸೋಲ, ಮಂಗಳೂರಲ್ಲಿ ಪುನರ್ಪುಳಿ, ಪೇಟೆಯಲ್ಲಿ ಕೋಕಂ. ನಾವೊಂದು ಪಾರ್ಟಿಯ ಮಾಲು ತಗೊಂಡು ಹೋಗಿದ್ದೆವು. ಇನ್ವಾಯ್ಸ್‌ನಲ್ಲಿ ಕೋಕಂ, ಪ್ಯಾಕಿಂಗ್ ಲಿಸ್ಟ್‌ನಲ್ಲಿ ಬಿರಿಂಡಾ, ಫೈಟೋ ಸರ್ಟಿಫಿಕೇಟ್‌ನಲ್ಲಿ (ಮಾಲಿನಲ್ಲಿ ಕೀಟ, ರೋಗ ಇಲ್ಲ ಅನ್ನುವ ಪತ್ರ) ಗಾರ್ಸಿನಿಯಾ ಇಂಡಿಕಾ, ಚೀಲದ ಮೇಲೆ ಯಾರೋ ಸ್ಕೆಚ್ ಪೆನ್ನಲ್ಲಿ ದೊಡ್ಡದಾಗಿ "ಮುರುಗಲು". ಪರೀಕ್ಷೆಗೆ ಬಂದ ಅಧಿಕಾರಿ ಒಂದು ಚೀಲ ಬಿಚ್ಚಿಸಿ, ಸಿಪ್ಪೆ ತೆಗೆದು ಮೂಸಿ, ಇದೇನು ಒಂದು ಸಾಮಾನಾ ನಾಲ್ಕಾ ಅಂತ ಕೇಳಿದರು. ಅವರು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಎಲ್ಲ ಕಾಗದ ತಿದ್ದಿಸುವುದರೊಳಗೆ ಆ ವಾರದ ಹಡಗು ಹೋಗಿತ್ತು. ಜೊತೆಗೆ ಉಪ್ಪಾಗೆ ಬೇರೆ ಇದೆ, ಅದು ಗಾರ್ಸಿನಿಯಾದ ಇನ್ನೊಂದು ಜಾತಿ, ಪಟ್ಟಿಯಲ್ಲೂ ಬೇರೆ. ಒಣಗಿ ಕಪ್ಪಾದ ಮೇಲೆ ನೋಡದವರಿಗೆ ಎರಡೂ ಒಂದೇ. ಆದ್ದರಿಂದ ಒಂದೇ ಹೆಸರು ಹಿಡಿಯಿರಿ, ಕೋಕಂ ಅಂತ ಬರೆದು ಪಕ್ಕದಲ್ಲಿ ಸಸ್ಯದ ಹೆಸರು ಹಾಕಿ, ಇನ್ವಾಯ್ಸ್‌ನಿಂದ ಚೀಲದ ತನಕ ಅದೇ ಇರಲಿ.

ಕುಮಟಾದವ:

ಗಿಫ್ಟ್ ಅಂತ ಕಳಿಸಿ ಕೈ ಸುಟ್ಟುಕೊಂಡವನು ನಾನೇ, ಕೇಳಿ. ನನ್ನದು ಮಸಾಲೆ ಪುಡಿ. ಮೊದಲ ಸಲ ಐದು ಡಬ್ಬಿ, ಎರಡನೇ ಸಲ ಹನ್ನೆರಡು, ಎಲ್ಲ ಗಿಫ್ಟ್ ಅಂತಲೇ ಕೊರಿಯರ್ ಮಾಡಿದೆ. ಮಾಲು ಹೋಯಿತು, ಅವರೂ ಖುಷಿ, ನಾನೂ ಖುಷಿ. ದುಡ್ಡು ಡಾಲರ್‌ನಲ್ಲಿ ಬಂತು ನೋಡಿ, ಅಲ್ಲಿ ಶುರು. ಬ್ಯಾಂಕಿನವರು ಇದು ಯಾವ ಲೆಕ್ಕದ ಹಣ, ಪರ್ಪಸ್ ಕೋಡ್ (ಹಣ ಯಾತಕ್ಕೆ ಬಂತು ಅನ್ನುವ ಸಂಕೇತ) ಹೇಳಿ ಅಂದರು. ರಫ್ತಿನ ಹಣ ಅಂದೆ. ಹಾಗಾದರೆ ಶಿಪ್ಪಿಂಗ್ ಬಿಲ್, ಅಂದರೆ ಕಸ್ಟಮ್ಸ್‌ಗೆ ಸಲ್ಲಿಸುವ ರಫ್ತಿನ ದಾಖಲೆ, ಕೊಡಿ ಅಂದರು. ಉಡುಗೊರೆಗೆ ಬಿಲ್ ಎಲ್ಲಿಂದ ತರಲಿ? ಉಡುಗೊರೆ ಆದರೆ ಅವರು ದುಡ್ಡು ಯಾಕೆ ಕಳಿಸಿದರು? ಎರಡೂ ಕಡೆಯಿಂದ ನಾನೇ ಸುಳ್ಳುಗಾರ. ದಂಡ ಅಂತ ಏನೂ ಆಗಲಿಲ್ಲ, ಆದರೆ ವಿವರಣೆ ಬರೆದು ಕೊಟ್ಟು ಕೊಟ್ಟು ಸಾಕಾಯಿತು.

ತಂಗಿಗೆ ಕಳಿಸುವ ಡಬ್ಬಿ ಉಡುಗೊರೆ. ದುಡ್ಡು ಬರುವುದಾದರೆ ಅದು ವ್ಯಾಪಾರ, ಅಷ್ಟೇ. ಕೊರಿಯರ್‌ನಲ್ಲೂ ವ್ಯಾಪಾರದ ಮಾಲು ಕಳಿಸಲು ಸಿಎಸ್‌ಬಿ-5 ಅಂತ ಬೇರೆ ಶಿಪ್ಪಿಂಗ್ ಬಿಲ್ ಇದೆ. ಈಗ ನಾನು ಅದರಲ್ಲೇ ಕಳಿಸುವುದು.

ಮತ್ತೆ ಐಇಸಿ ಮಾಡಿಸಿ ಡ್ರಾಯರಿನಲ್ಲಿ ಇಟ್ಟುಬಿಡಬೇಡಿ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಐಇಸಿ ಕೊಡುವ ಡಿಜಿಎಫ್‌ಟಿ ಪೋರ್ಟಲ್‌ಗೆ ಹೋಗಿ, ಏನೂ ಬದಲಾಗದಿದ್ದರೂ ವಿವರ ಸರಿ ಇದೆ ಅಂತ ದೃಢೀಕರಿಸಬೇಕು. 2021ರಿಂದ ಈ ನಿಯಮ. ಮರೆತರೆ ಐಇಸಿ ನಿಷ್ಕ್ರಿಯ. ಒಂದು ವರ್ಷ ಮಳೆ ಶುರುವಾದ ಗಡಿಬಿಡಿಯಲ್ಲಿ ಮರೆತೆ, ಸೆಪ್ಟೆಂಬರ್‌ನಲ್ಲಿ ಮಾಲು ಪ್ಯಾಕ್ ಆದಮೇಲೆ ಗೊತ್ತಾಯಿತು. ಎಲ್‌ಯುಟಿ ಕೂಡ ಹಾಗೇ, ಜಿಎಸ್‌ಟಿ ಪೋರ್ಟಲ್‌ನಲ್ಲಿ ವರ್ಷ ವರ್ಷ ಹೊಸದು. ಅದಿದ್ದರೆ ಐಜಿಎಸ್‌ಟಿ ಕಟ್ಟದೆ ಕಳಿಸಬಹುದು. ಇಲ್ಲದಿದ್ದರೆ ಮೊದಲು ಕಟ್ಟಿ, ಆಮೇಲೆ ವಾಪಸ್ ಬರುವುದನ್ನು ಕಾಯಬೇಕು.

ಅಡಿಕೆ ಮಂಡಿ:

ಎಲ್ಲ ಸರಿ ಮಾರಾಯ್ರೆ, ಆದರೆ ನಮ್ಮ ಮೆಣಸಿಗೆ ನಿಜವಾದ ಪೆಟ್ಟು ಬೀಳುವುದು ಹೊರಗಿಂದ ಬರುವ ಮಾಲಿನಿಂದ. ಕನಿಷ್ಠ ಆಮದು ಬೆಲೆ ಅಂತ ಮೆಣಸಿಗೆ ಕೆಜಿಗೆ 500 ರೂಪಾಯಿ ಇಟ್ಟಿದ್ದಾರೆ, ಅಡಿಕೆಗೆ 2023ರಲ್ಲಿ 251 ಇದ್ದದ್ದನ್ನು 351 ಮಾಡಿದರು. ಅಡಿಕೆಗೆ ಸುಂಕ ನೂರಕ್ಕೆ ನೂರು. ಆದರೂ ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಗೆ ಈ ಬೆಲೆ ಮಿತಿ ಇಲ್ಲ. ಹೀಗಿರುವಾಗ ನೀವು 300 ಕೆಜಿ ಕಳಿಸಿ ಏನು ಉದ್ಧಾರ? ಮೆಣಸು ಕಡಿಮೆ ಬಿದ್ದರೆ ಮಂಡಿಯಿಂದ ಎಲ್ಲಿಯದೋ ಕೊಂಡು ಸೇರಿಸಿದರೂ ಯಾರಿಗೂ ಗೊತ್ತಾಗಲ್ಲ ಬಿಡಿ. ಜೊತೆಗೆ ಸ್ವಲ್ಪ ಶಿರಸಿ ಅಡಿಕೆನೂ ಹಾಕಿ, 2019ರಲ್ಲೇ ಜಿಐ (ಭೌಗೋಳಿಕ ಗುರುತು) ಸಿಕ್ಕಿದೆಯಲ್ಲ.

ಬೈತಖೋಲ, ಕಾರವಾರ:

ಮಂಡಿಯವರೇ, ಬೇಸರ ಅರ್ಥ ಆಗುತ್ತದೆ. ಆದರೆ 500, 351 ಎರಡೂ ಆಮದಿನ ಲೆಕ್ಕ, ಇವರು ಕಳಿಸುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಓದುವ ಹೊಸಬರು ಗಾಬರಿ ಆಗುತ್ತಾರೆ.

ಮತ್ತೆ ಎಲ್ಲಿಯದೋ ಮೆಣಸು ಸೇರಿಸುವುದು ಬೇಡವೇ ಬೇಡ. ಯುಎಇ ಜೊತೆ 2022ರ ಮೇ 1ರಿಂದ ವ್ಯಾಪಾರ ಒಪ್ಪಂದ ಜಾರಿಯಲ್ಲಿದೆ. ಸುಂಕದ ರಿಯಾಯಿತಿ ಬೇಕಾದರೆ ಕೊಳ್ಳುವವರು ಮೂಲ ಪ್ರಮಾಣಪತ್ರ ಕೇಳುತ್ತಾರೆ. ಮಾಲು ಇಲ್ಲಿಯದೇ ಅಂತ ಸಹಿ ಹಾಕುವವರು ನೀವು. ಆ ಚೀಲದಲ್ಲಿ ಶ್ರೀಲಂಕಾ ಮೆಣಸು ಇದ್ದರೆ ಸಿಕ್ಕಿಬೀಳುವುದು ಮಂಡಿ ಅಲ್ಲ, ಸಹಿ ಮಾಡಿದವರು.

ಅಡಿಕೆ ಹಾಕುವ ಮೊದಲು ಅಲ್ಲಿಯ ನಿಯಮ ನೋಡಬೇಕು. ನಮ್ಮ ಕಸ್ಟಮ್ಸ್ ಬಿಟ್ಟರೆ ಸಾಲದು, ಅವರ ಕಸ್ಟಮ್ಸ್ ಒಳಗೆ ಬಿಡಬೇಕಲ್ಲ. ದುಬೈ ಕಸ್ಟಮ್ಸ್‌ನಲ್ಲಿ ವೀಳ್ಯದೆಲೆ, ಪಾನ್ ಸಾಮಗ್ರಿ ನಿಷೇಧ. ಗಸಗಸೆಯೂ ಅಷ್ಟೇ. ಪ್ರೀತಿಯಿಂದ ಒಂದು ಮುಷ್ಟಿ ಕವಳದ ಸಾಮಾನು ಚೀಲದ ಸಂದಿಯಲ್ಲಿ ತುರುಕುವುದು ನಮ್ಮ ಕಡೆಯ ಅಭ್ಯಾಸ, ದಯವಿಟ್ಟು ಬೇಡ.

ಅಪ್ಪೆಮಿಡಿ ಅಕ್ಕ, ಸಿದ್ದಾಪುರ:

ತಮ್ಮಾ, ಆಹಾರದ ಮಾಲಿಗೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಮರೆತುಬಿಟ್ಟಿದ್ದೀರಿ ಎಲ್ಲರೂ. ರಫ್ತು ಮಾಡುವವರಿಗೆ ಕೇಂದ್ರ ಲೈಸೆನ್ಸ್ ಬೇಕು, ಊರಲ್ಲಿ ಮಾರಲು ಮಾಡಿಸಿದ ಸಣ್ಣ ನೋಂದಣಿ ಸಾಲುವುದಿಲ್ಲ. ನಾನು ಉಪ್ಪಿನಕಾಯಿ ಕಳಿಸುವವಳು, ಮೊದಲು ಇದರಲ್ಲೇ ಸಿಕ್ಕಿಹಾಕಿಕೊಂಡೆ.

ಮಾಲು ಸ್ವಲ್ಪವೇ ಇದ್ದರೆ ಅಂಚೆ ಕಚೇರಿ ಕೂಡ ನೋಡು. ಡಾಕ್ ಘರ್ ನಿರ್ಯಾತ್ ಕೇಂದ್ರ ಅಂತ ಮಾಡಿದ್ದಾರೆ, ಅಲ್ಲಿ ಪೋಸ್ಟಲ್ ಬಿಲ್ ಆಫ್ ಎಕ್ಸ್‌ಪೋರ್ಟ್ ಆನ್‌ಲೈನಲ್ಲೇ ತುಂಬಬಹುದು, ಬ್ರೋಕರ್ ಬೇಡ. 400 ಕೆಜಿಗೆ ಅದು ಆಗಲಿಕ್ಕಿಲ್ಲ. ಆದರೆ ಅಂಗಡಿಯವರು ಮುಂದೆ ಹತ್ತು ಕೆಜಿ, ಇಪ್ಪತ್ತು ಕೆಜಿ ಕೇಳಿದಾಗ ಬೇಕಾಗುತ್ತದೆ. ನನ್ನ ಮಿಡಿ ಉಪ್ಪಿನಕಾಯಿ ಮೊದಲ ಸಲ ಭರಣಿ ಮುಚ್ಚಳದಲ್ಲಿ ಸೋರಿ, ಪಕ್ಕದವರ ಪಾರ್ಸೆಲ್‌ಗೆಲ್ಲ ಎಣ್ಣೆ ಹತ್ತಿತ್ತು. ಮೆಣಸಿಗೆ ಆ ಗೋಳಿಲ್ಲ, ಪುಣ್ಯವಂತ ನೀನು.

ಮೆಣಸಿನಬಳ್ಳಿ, ಶಿರಸಿ:

ಎಲ್ಲರಿಗೂ ತುಂಬಾ ಉಪಕಾರ ಆಯ್ತು. ಅಕ್ಕಾ, ಲೈಸೆನ್ಸ್ ಅರ್ಜಿ ಇವತ್ತೇ ಹಾಕುತ್ತೇನೆ. ಗಿಫ್ಟ್ ವಿಚಾರ ಕೈಬಿಟ್ಟೆ. ನಿನ್ನೆ ಬ್ಯಾಂಕಿಗೆ ಬರೆದೇ ಕೊಟ್ಟೆ, ಮ್ಯಾನೇಜರ್ ಓದಿ, ಹುಬ್ಬಳ್ಳಿಗೆ ಕಳಿಸುತ್ತೇನೆ, ಮುಂದಿನ ವಾರ ಬನ್ನಿ ಅಂದರು.

ಇನ್ನೆರಡು ಅನುಮಾನ. ಶಿಪ್ಪಿಂಗ್ ಬಿಲ್ ಹಾಕಿದ ಮೇಲೆ ಏನೇನು ಆಗುತ್ತದೆ? ಮತ್ತೆ ಮೆಣಸು ಈಗಲೇ ಚೀಲ ತುಂಬಿಸಿ ತೂಕ ಮಾಡಿಟ್ಟರೆ ಆಗುತ್ತಾ? ಕಾಗದ ಆಗುವ ಹೊತ್ತಿಗೆ ಮಳೆಗಾಲ ಬರಬಹುದು.

ಬೈತಖೋಲ, ಕಾರವಾರ:

ಶಿಪ್ಪಿಂಗ್ ಬಿಲ್ಲನ್ನು ಬ್ರೋಕರ್ ಹಾಕುತ್ತಾರೆ. ಮೆಣಸಿನ ಎಚ್‌ಎಸ್ ಕೋಡ್ (ಸರಕು ಗುರುತಿಸುವ ಸಂಖ್ಯೆ) 0904ರಿಂದ ಶುರು. ಮುಂದಿನ ಅಂಕಿಗಳನ್ನು ಅವರೇ ತುಂಬಿದರೂ ನೀವೊಮ್ಮೆ ಕಣ್ಣಾಡಿಸಿ. ರೋಡ್‌ಟೆಪ್ (ರಫ್ತಿನ ಮಾಲಿನ ಮೇಲೆ ಬಿದ್ದ ತೆರಿಗೆ ವಾಪಸ್ ಕೊಡುವ ಯೋಜನೆ) ಬೇಕು ಅನ್ನುವ ಘೋಷಣೆ ಬಿಲ್ಲಿನಲ್ಲೇ ಹೋಗಬೇಕು, ಅದನ್ನೂ ನೋಡಿಕೊಳ್ಳಿ, ಆಮೇಲೆ ಸೇರಿಸಲು ಓಡಾಡುವುದು ದೊಡ್ಡ ತಲೆನೋವು. ಮಾಲು ಬಂದರಿಗೆ ಸೇರಿದ ಮೇಲೆ ಕಂಪ್ಯೂಟರೇ ಯಾವುದನ್ನು ಪರೀಕ್ಷಿಸಬೇಕು ಅಂತ ಹೇಳುತ್ತದೆ. ಕೆಲವು ಹಾಗೇ ಹೋಗುತ್ತವೆ, ಕೆಲವನ್ನು ಬಿಚ್ಚಿಸುತ್ತಾರೆ. ಎಲ್ಲ ಸರಿ ಇದ್ದರೆ ಲೆಟ್ ಎಕ್ಸ್‌ಪೋರ್ಟ್ ಆರ್ಡರ್, ಅಂದರೆ ಕಳಿಸಲು ಕಸ್ಟಮ್ಸ್ ಅನುಮತಿ. ಹಡಗು ಹೊರಟ ಮೇಲೆ ಶಿಪ್ಪಿಂಗ್ ಲೈನಿನವರು ಇಜಿಎಂ (ಹಡಗಿನಲ್ಲಿ ಹೋದ ಸರಕಿನ ಪಟ್ಟಿ) ಹಾಕುತ್ತಾರೆ, ಅದರಲ್ಲಿ ನಿಮ್ಮ ಬಿಲ್ ನಂಬರ್ ತಪ್ಪಾದರೆ ನಿಮಗೆ ಬರಬೇಕಾದದ್ದೆಲ್ಲ ನಿಲ್ಲುತ್ತದೆ. ಆದ್ದರಿಂದ ಮಾಲು ಹೋಯಿತು ಅಂತ ಫೋನ್ ಬಂದ ಕೂಡಲೇ ಬ್ರೋಕರ್‌ನ ನಂಬರ್ ಅಳಿಸಬೇಡಿ. ದುಡ್ಡು ಬಂದ ಮೇಲೆ ಬ್ಯಾಂಕಿನಲ್ಲಿ ಆ ಬಿಲ್ಲಿಗೆ ಹೊಂದಿಸಿ ಮುಗಿಸಬೇಕು.

ಫೈಟೋಗೆ ಮಂಗಳೂರಿನಲ್ಲೇ ಸಸ್ಯ ಕ್ವಾರಂಟೈನ್ ಕೇಂದ್ರ ಇದೆ. ಚೀಲದ ಕೆಳಗೆ ಮರದ ಪ್ಯಾಲೆಟ್ ಹಾಕುವುದಾದರೆ ಶಾಖ ಉಪಚಾರ ಮಾಡಿದ ಮುದ್ರೆ ಇರುವುದೇ ಆಗಬೇಕು, ಮನೆಯ ಹಲಗೆ ಕೊಯ್ದು ಹಾಕಬೇಡಿ.

ತೂಕದ್ದು ಒಳ್ಳೆ ಪ್ರಶ್ನೆ. ಶಿರಸಿಯ ಮಳೆಗಾಲದಲ್ಲಿ ಒಣಗಿಸಿದ ಮೆಣಸು ಕೂಡ ಗಾಳಿಯ ನೀರು ಕುಡಿಯುತ್ತದೆ, 25 ಕೆಜಿ ಚೀಲ ಜೂನ್ ಕೊನೆಗೆ 25 ಇರುವುದಿಲ್ಲ. ತೂಕಕ್ಕಿಂತ ಬೂಸ್ಟು ಭಯ ಜಾಸ್ತಿ. ಈಗ ಬಿಸಿಲು ಇರುವಾಗ ಚೆನ್ನಾಗಿ ಒಣಗಿಸಿ, ಒಳಗೆ ಪ್ಲಾಸ್ಟಿಕ್ ಲೈನರ್ ಇರುವ ಚೀಲದಲ್ಲಿ ಕಟ್ಟಿಡಿ. ಪ್ಯಾಕಿಂಗ್ ಲಿಸ್ಟ್ ಮಾತ್ರ ಲಾರಿಗೆ ಹೇರುವ ದಿನ ಮತ್ತೊಮ್ಮೆ ತೂಗಿ ಬರೆಯಿರಿ. ಚೀಲ ಸೇರಿಸಿದ ತೂಕ ಬೇರೆ, ಮಾಲಿನ ತೂಕ ಬೇರೆ, ಎರಡೂ ಹಾಕಿ. ಎಡಿ ಕೋಡ್ ಬಂದ ದಿನ ಇಲ್ಲಿ ತಿಳಿಸಿ, ಬ್ರೋಕರ್ ಹತ್ತಿರ ದರ ಕೇಳುವಾಗ ಏನೇನು ಸೇರಿಸಿ ಹೇಳಬೇಕು ಅಂತ ಬರೆಯುತ್ತೇನೆ.

ಅಪ್ಪೆಮಿಡಿ ಅಕ್ಕ, ಸಿದ್ದಾಪುರ:

ಮುರುಗಲು ಸಿಪ್ಪೆಗೂ ಲೈನರ್ ಹಾಕು ತಮ್ಮಾ. ಅದು ಮೆಣಸಿಗಿಂತ ಬೇಗ ಒದ್ದೆ ಆಗಿ ಅಂಟಿಕೊಳ್ಳುತ್ತದೆ. ಉಪ್ಪು ಹಾಕಿ ಒಣಗಿಸಿದ್ದಾದರೆ ಲೇಬಲ್‌ನಲ್ಲಿ ಉಪ್ಪು ಅಂತಲೂ ಬರೆ.